ಇಲ್ಲ ಎನ್ನದ ಫಟಫಟಿ ಅಂಗಡಿ

ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೂತವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಗಿರಾಕಿಗೆ ಬೇಕಾದದ್ದು ನಮ್ಮಲ್ಲಿರುವುದಿಲ್ಲ, ನಮ್ಮಲ್ಲಿರುವುದು ಯಾವ ಗಿರಾಕಿಗೂ ಬೇಕಾಗಿರುವುದಿಲ್ಲ, ಈ ಎರಡರ ನಡುವೆ ದಿನಕ್ಕೊಂದು ತಮಾಷೆ ತಾನಾಗಿಯೇ ನಡೆದುಹೋಗುತ್ತದೆ.

ಮೊನ್ನೆ ಮೊಮ್ಮಗನ ಬೈಕಿಗೆ ಒಂದು ಕನ್ನಡಿ ಬೇಕೆಂದು ಶೋರೂಮಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರಿನ ಮೇಲೆ ನಾಲ್ಕು ಸಲ ಬೆರಳಾಡಿಸಿ, ತಲೆಯೆತ್ತದೆ, "ಇಲ್ಲ ಅಂಕಲ್" ಅಂದಳು. ಅಷ್ಟೆ. ಕೂತ್ಕೊಳ್ಳಿ ಅನ್ನಲಿಲ್ಲ, ಯಾವ ಊರು ಅಂತ ಕೇಳಲಿಲ್ಲ. ಮೊದಲು ಸಿಟ್ಟು ಬಂತು, ಮೆಟ್ಟಿಲಿಳಿಯುವಷ್ಟರಲ್ಲಿ ನಗು ಬಂತು. ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದಲ್ಲಿ ಅದೇ ಹುಡುಗಿಯ ಕೆಲಸ ಮಾಡುತ್ತಿದ್ದೆ. ಆಗ ನಮ್ಮ ಅಂಗಡಿಯಲ್ಲಿ ಆ ಒಂದು ಮಾತು ಆಡಿದ್ದರೆ ನನ್ನ ಕೆಲಸವೇ ಹೋಗುತ್ತಿತ್ತು.

ಬ್ರೇಕಿನ ಬದಲು ಪಂಚೆ

ನಮ್ಮ ಸಾಹುಕಾರರದು ಮೂಲದಲ್ಲಿ ಜವಳಿ ಅಂಗಡಿ. ಹಣೆ ತುಂಬ ವಿಭೂತಿ, ಮೈತುಂಬ ಮರ್ಯಾದೆ. ಯಾರ ಮಾತು ಕೇಳಿದರೋ ಏನೋ, ಮೋಟಾರ್ ಸೈಕಲ್ಲಿನ ಏಜೆನ್ಸಿ ಹಿಡಿದರು. ಅಂಗಡಿಯ ಎಡಕ್ಕೆ ಸೀರೆ, ಪಂಚೆ. ಬಲಕ್ಕೆ ಒಂದೇ ಒಂದು ಹೊಚ್ಚ ಹೊಸ ಫಟಫಟಿ, ಅದರ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದ ನಾನು. ಗುಮಾಸ್ತನೂ ನಾನೇ, ಮೆಕ್ಯಾನಿಕ್ಕೂ ನಾನೇ. ಕಂಪನಿಯ ಷರತ್ತು ಒಂದೇ: ಮಾದರಿಗೆಂದು ಒಂದು ಪೂರ್ತಿ ಗಾಡಿ ಯಾವಾಗಲೂ ಅಂಗಡಿಯಲ್ಲಿ ನಿಂತಿರಬೇಕು. ಅದು ಪೂರ್ತಿ ಇಲ್ಲವೆಂದು ಕಂಡ ದಿನ ಏಜೆನ್ಸಿ ವಾಪಸ್ಸು.

ಸಾಹುಕಾರರ ಷರತ್ತೂ ಒಂದೇ. ಮೊದಲ ದಿನವೇ ಗಾದಿಯ ಹತ್ತಿರ ಕರೆದು ಹೇಳಿದ್ದರು: "ನೋಡಪ್ಪಾ, ಈ ಅಂಗಡಿಯೊಳಗೆ ನಮ್ಮಪ್ಪ ಇಲ್ಲ ಅಂದೋರಲ್ಲ, ನಾನೂ ಅಂದೋನಲ್ಲ. ನೀನೂ ಅನ್ನಬ್ಯಾಡ."

ಜವಳಿಯಲ್ಲಿ ಇದು ನಡೆಯುತ್ತದೆ. ಕೆಂಪು ಸೀರೆ ಇರದಿದ್ದರೆ ಹಸಿರು ಬಿಚ್ಚಿ ಹರಡಬಹುದು. ಹಿಂದಿನ ಚಕ್ರದ ಬ್ರೇಕ್ ಶೂ ಕೇಳಿದವನಿಗೆ ನಾನೇನು ಹರಡಲಿ? ಅದಕ್ಕೆ ಸಾಹುಕಾರರೇ ದಾರಿ ಹೇಳಿಕೊಟ್ಟರು. ಗಿರಾಕಿ ಬಂದ ಕೂಡಲೇ ಕೂರಿಸುವುದು, ಮಜ್ಜಿಗೆ ಕೊಡುವುದು, ಊರು, ಮಳೆ, ಬೆಳೆ, ಮಕ್ಕಳ ಓದು ವಿಚಾರಿಸುವುದು. ಅಷ್ಟರಲ್ಲಿ ಅವರಿಗೆ ತಾವೇಕೆ ಬಂದೆವೆಂಬುದು ಅರ್ಧ ಮರೆತಿರುತ್ತದೆ. ಉಳಿದರ್ಧಕ್ಕೆ "ಬರ್ತೈತ್ರೀ, ದಾರ್ಯಾಗೈತಿ" ಅನ್ನುವುದು.

ಒಬ್ಬ ಹೈಸ್ಕೂಲು ಮೇಷ್ಟ್ರು ಬ್ರೇಕ್ ಶೂ ಕೇಳಲು ಬಂದವರು ಹೀಗೆ ಮಾತಾಡುತ್ತ ಮಾತಾಡುತ್ತ ಬಲಗಡೆಯಿಂದ ಎಡಗಡೆಗೆ ಸರಿದು, ಒಂದು ಜೊತೆ ಪಂಚೆ ಕಟ್ಟಿಸಿಕೊಂಡು ಹೋದರು. ಇಳಿಜಾರಿನಲ್ಲಿ ಪಂಚೆಯಿಂದ ಗಾಡಿ ಹೇಗೆ ನಿಲ್ಲಿಸಿದರೋ, ನಾನು ಕೇಳಲು ಹೋಗಲಿಲ್ಲ.

ಮದರಾಸಿಗೆ ಮೂಗುದಾರ

ಸಾಮಾನು ಬರುತ್ತಿದ್ದುದು ಮದರಾಸಿನಿಂದ. ರೈಲಿನಲ್ಲಿ ಶಿವಮೊಗ್ಗಕ್ಕೆ, ಅಲ್ಲಿಂದ ಬಸ್ಸಿನ ಟಾಪಿನ ಮೇಲೆ ಬಾಳೆಗೊನೆ, ಕೋಳಿಬುಟ್ಟಿಗಳ ಜೊತೆ ನಮ್ಮೂರಿಗೆ. ಬೇಕಾದದ್ದನ್ನು ಕಂಪನಿಯ ಬಿಡಿಭಾಗಗಳ ಪುಸ್ತಕ ನೋಡಿ ನಂಬರು ಹಾಕಿ ಬರೆಯಬೇಕು. ಆದರೆ ಸಾಹುಕಾರರು ಕಾಗದವನ್ನು ತಮ್ಮ ಪದ್ಧತಿಯಲ್ಲೇ ಬರೆಸುತ್ತಿದ್ದರು. ಮೇಲೆ ಶ್ರೀಕಾರ, ಆಮೇಲೆ ಇಲ್ಲಿ ನಾವೆಲ್ಲ ಕ್ಷೇಮ, ಈ ಸಲ ಭತ್ತ ಪರವಾಗಿಲ್ಲ, ನಿಮ್ಮ ಕಡೆ ಮಳೆ ಹೇಗೆ ಎಂಬ ವಿಚಾರಣೆ, ಕಟ್ಟಕಡೆಗೆ ಜಾಗ ಉಳಿದರೆ ಬೇಕಾದ ಸಾಮಾನು. ಎಲ್ಲವನ್ನೂ ನಾನು ನನ್ನ ಹರಕು ಇಂಗ್ಲಿಷಿಗೆ ಇಳಿಸಬೇಕು. ಜಾಗ ಎಷ್ಟೋ ಸಲ ಉಳಿಯುತ್ತಿರಲಿಲ್ಲ. ಒಮ್ಮೆ ಕಂಪನಿಯಿಂದ ಉತ್ತರ ಬಂತು: ಇಲ್ಲಿ ಮಳೆ ಸಾಧಾರಣ, ತಮಗೆ ಏನು ಬೇಕೆಂದು ದಯವಿಟ್ಟು ತಿಳಿಸಿ.

ನಂಬರು ಹುಡುಕುವುದೂ ಸುಲಭವಿರಲಿಲ್ಲ. ತಾಳಗುಂದದ ಗೌಡರೊಬ್ಬರಿದ್ದರು. ಅವರು ಅದುವರೆಗೆ ಓಡಿಸಿದ್ದು ಎತ್ತಿನ ಗಾಡಿ ಒಂದನ್ನೇ. ಹೊಸದಾಗಿ ಫಟಫಟಿ ಕೊಂಡಿದ್ದರು, ಮಾತು ಮಾತ್ರ ಹಳೆಯ ಗಾಡಿಯದೇ. ಹ್ಯಾಂಡಲ್ಲಿಗೆ ನೊಗ ಅನ್ನುತ್ತಿದ್ದರು, ಚಕ್ರದ ನಟ್ಟಿಗೆ ಕಡಾಣಿ. ಒಂದು ದಿನ ಬಂದು, ಮೂಗುದಾರ ಸಡಿಲಾಗೈತಿ, ಎಳೆದ್ರೂ ನಿಲ್ಲಲೊಲ್ದು ಅಂದರು. ಮುಂದಿನ ಬ್ರೇಕಿನ ವೈರ್ ಎಂದು ಗೊತ್ತಾಗಲು ನನಗೆ ಎರಡು ಲೋಟ ಮಜ್ಜಿಗೆ ಹಿಡಿಯಿತು. ಅವತ್ತಿನಿಂದ ಕಂಪನಿಯ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಂಡೆ: ಇಂಥ ನಂಬರಿಗೆ ಮೂಗುದಾರ, ಇಂಥದಕ್ಕೆ ಕಡಾಣಿ. ನಾನು ಅಂಗಡಿ ಬಿಡುವ ಹೊತ್ತಿಗೆ ಆ ಪುಸ್ತಕದಲ್ಲಿ ಎಂಜಿನ್ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಎತ್ತಿನ ಗಾಡಿಯೇ ಆಗಿತ್ತು.

ಕಡ

ಇಲ್ಲ ಅನ್ನದೆ ಎಷ್ಟು ದಿನ ತಳ್ಳಬಹುದು? ಒಂದು ಬೆಳಿಗ್ಗೆ ಸೊರಬದ ಡಾಕ್ಟರು ಬಸ್ಸಿನಿಂದ ಇಳಿದರು. ಸುತ್ತಲಿನ ಹಳ್ಳಿಗಳಿಗೆಲ್ಲ ಅವರೊಬ್ಬರೇ, ಅವರಿಗಿದ್ದದ್ದು ನಮ್ಮಲ್ಲಿ ಕೊಂಡ ಗಾಡಿಯೊಂದೇ. ಕ್ಲಚ್ ವೈರ್ ತುಂಡಾಗಿತ್ತು. ನಾನು ಮಜ್ಜಿಗೆ ತಂದೆ. ಅವರು ಮುಟ್ಟಲಿಲ್ಲ.

"ಮಜ್ಜಿಗೆ ಆಮೇಲೆ ಕುಡೀತೀನಿ ಮಾರಾಯ. ಮೂರು ಹಳ್ಳೀಲಿ ಬಸುರಿಯರು ದಿನ ತುಂಬಿ ಕೂತಿದಾರೆ, ಅವರಿಗೆ ದಾರ್ಯಾಗೈತಿ ಅಂತ ಹೇಳ್ಲಾ?" ಅಂದರು.

ನಾನು ಸಾಹುಕಾರರ ಮುಖ ನೋಡಿದೆ. ಸಾಹುಕಾರರು ಮಾದರಿ ಗಾಡಿಯ ಮುಖ ನೋಡಿದರು. "ಅದರದು ಬಿಚ್ಚಿ ಕೊಡು" ಅಂದರು. "ಮಾರಾಟ ಅಲ್ರೀ ಡಾಕ್ಟ್ರೇ, ಕಡ. ಪಾರ್ಸೆಲ್ ಬಂದ ಮ್ಯಾಲೆ ತಂದುಕೊಡ್ರಿ."

ಕಡ ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಕ್ಕಿ, ಕಾಫಿಪುಡಿ, ಮದುವೆಯ ಹಂಡೆ, ಉಳುವ ಎತ್ತು, ಯಾವುದನ್ನು ಬೇಕಾದರೂ ಕಡ ಕೇಳಬಹುದು. ಕೊಟ್ಟವರಿಗೆ ಬೇಕಾದ ದಿನ ಮರುಮಾತಿಲ್ಲದೆ ವಾಪಸ್ಸು ಬರಬೇಕು.

ಸುದ್ದಿ ಹಬ್ಬಿತು. ಮುಂದಿನ ವಾರ ಆನವಟ್ಟಿಯ ಅಕ್ಕಿ ಗಿರಣಿಯ ಯಜಮಾನರು ಬಂದರು. ಗಿರಣಿಯ ಇಲಿಗಳು ಅವರ ಸೀಟನ್ನು ತಂತಿಯಷ್ಟೇ ಉಳಿಯುವಂತೆ ತಿಂದಿದ್ದವು. ಅವರು ಅದರ ಮೇಲೆ ತೌಡಿನ ಚೀಲ ಕಟ್ಟಿಕೊಂಡು ಓಡಾಡುತ್ತಿದ್ದರಂತೆ. ಗಾಡಿ ನಿಲ್ಲಿಸಿದಲ್ಲೆಲ್ಲ ಬೀದಿಯ ದನ ಬಂದು ಮುತ್ತುತ್ತವೆ, ಎಮ್ಮೆಯೊಂದು ತಾವು ಕೂತಿದ್ದಾಗಲೇ ಬಾಯಿ ಹಾಕಿತು ಎಂದು ಹೇಳುವಾಗ ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಮಾದರಿ ಗಾಡಿಯ ಸೀಟು ಆನವಟ್ಟಿಗೆ ಹೋಯಿತು.

ಅದರ ಹಿಂದೆಯೇ ತಾಳಗುಂದದ ಗೌಡರು. ಅವರ ಗಾಡಿಯ ಪಕ್ಕದ ಟೂಲ್ ಬಾಕ್ಸ್ ಹೊಲದ ದಾರಿಯಲ್ಲಿ ಎಲ್ಲೋ ಉದುರಿ ಹೋಗಿತ್ತು. ಸ್ಪ್ಯಾನರಿಲ್ಲದೆ ತೊಂದರೆಯೇ ಅಂದರೆ, ಸ್ಪ್ಯಾನರ್ ಹಾಳಾಗಿ ಹೋಗಲಿ, ಎಲೆಅಡಿಕೆ ಎಲ್ಲಿಡಲಿ, ಪಹಣಿ ಎಲ್ಲಿಡಲಿ ಅಂದರು. ಟೂಲ್ ಬಾಕ್ಸ್ ತಾಳಗುಂದಕ್ಕೆ ಹೋಯಿತು.

ಮಾದರಿ ಗಾಡಿಯನ್ನು ನೋಡಿದರೆ ನನಗೇ ಅಯ್ಯೋ ಅನ್ನಿಸುತ್ತಿತ್ತು. ಸಾಹುಕಾರರು ಅದಕ್ಕೆ ದೊಡ್ಡದೊಂದು ಜಮಖಾನ ಹೊದಿಸಿದರು. ಸೀಟಿರಬೇಕಾದ ಜಾಗ ಕುಸಿದು ಕಂಡದ್ದರಿಂದ ಒಳಗೆ ಎರಡು ಥಾನು ಲಂಗದ ಬಟ್ಟೆ ಇಡಿಸಿದರು. ಯಾಕೆ ಮುಚ್ಚಿದೀರಿ ಎಂದು ಕೇಳಿದವರಿಗೆ, ಹೊಸ ಗಾಡಿ ನೋಡ್ರಿ, ದೃಷ್ಟಿ ಆಕ್ಕೈತಿ ಎಂದರು. ನೋಡಲು ಏನೂ ಉಳಿಯದ ಮೇಲೆ ದೃಷ್ಟಿಗೆ ಹೆದರಿದವರು ಅವರೊಬ್ಬರೇ ಇರಬೇಕು.

ಗುರುವಾರದ ಬಸ್ಸು

ಸೋಮವಾರ ಕಾಗದ ಬಂತು. ಕಂಪನಿಯ ಸಾಹೇಬರು ಗುರುವಾರ ಹತ್ತು ಗಂಟೆಯ ಶಿವಮೊಗ್ಗ ಬಸ್ಸಿಗೆ ತಪಾಸಣೆಗೆ ಬರುತ್ತಾರೆ. ಬಿಡಿಭಾಗದ ಪಾರ್ಸೆಲ್ಲಿನ ಸುಳಿವಿಲ್ಲ.

ಸಾಹುಕಾರರು ಅವತ್ತು ಊಟಕ್ಕೆ ಏಳಲಿಲ್ಲ. ಏಜೆನ್ಸಿ ಹೋದರೆ ಅವರಿಗೆ ಜವಳಿ ಅಂಗಡಿಯಾದರೂ ಇತ್ತು. ನಾನು ಊರಿಗೆ ಹೋಗಿ ಅಣ್ಣನ ಮನೆಯಲ್ಲಿ ಕೂರಬೇಕು. ಆದರೂ ನನಗೆ ಅವರದೇ ಹೆಚ್ಚು ಸಂಕಟವಾಯಿತು. "ಹೋಗೋದು ಹೋಗ್ಲಿ ಬಿಡು. ಆದ್ರೆ ಪೂರ್ತಿ ಗಾಡಿ ಐತೇನ್ರೀ ಅಂತ ಆತ ಕೇಳಿದಾಗ, ಇಲ್ಲ ಅನ್ನಬೇಕಲ್ಲೋ" ಅಂದರು.

ಮಂಗಳವಾರ, ಬುಧವಾರ ನಾನು ಬಸ್ಸಿನಲ್ಲಿ ಸೊರಬ, ಆನವಟ್ಟಿ, ತಾಳಗುಂದ ಸುತ್ತಿದೆ. ಗುರುವಾರ ತಪಾಸಣೆ ಇದೆ, ಕಡ ಕೊಟ್ಟದ್ದನ್ನು ಕೇಳಲು ಬಂದಿದ್ದೇನೆ ಅಂದೆ. ಮೂವರೂ ಒಂದೇ ಮಾತು ಹೇಳಿದರು: ಈಗ ಬಿಚ್ಚಿಕೊಟ್ಟು ಯಾಕೆ ಹೊತ್ತು ತಿರುಗುತ್ತೀ, ಗುರುವಾರ ಬೆಳಿಗ್ಗೆ ನಾವೇ ಗಾಡಿ ತರುತ್ತೇವೆ, ಅಲ್ಲೇ ಬಿಚ್ಚಿಕೋ.

ಮಾತಿಗೆ ತಪ್ಪಲಿಲ್ಲ. ಎಂಟು ಗಂಟೆಗೆ ಮೂರು ಗಾಡಿಗಳೂ ಅಂಗಡಿಯ ಮುಂದೆ ಬಂದು ನಿಂತವು. ನಾನು ಒಂದೊಂದರಿಂದ ಒಂದೊಂದು ಬಿಚ್ಚಿ ಮಾದರಿ ಗಾಡಿಗೆ ಕೂರಿಸಿದೆ. ಕೊನೆಯ ನಟ್ಟು ಬಿಗಿದು ಎಣ್ಣೆಬಟ್ಟೆಯಿಂದ ಒರೆಸುವಾಗ ಬಸ್ಸಿನ ಹಾರ್ನ್ ಕೇಳಿತು. ಹೊರಗಿದ್ದ ಗಾಡಿಗಳನ್ನು ಮರೆಗೆ ತಳ್ಳಲು ಹೊತ್ತಿರಲಿಲ್ಲ, ತಳ್ಳಬೇಕೆಂದು ಹೊಳೆಯಲೂ ಇಲ್ಲ. ಡಾಕ್ಟರು, ಯಜಮಾನರು, ಗೌಡರು ಮೂವರೂ ಎಡಗಡೆ ಹೋಗಿ ಸೀರೆ ನೋಡುವವರಂತೆ ಕೂತರು. ಗೌಡರು ಹಿಡಿದಿದ್ದ ಸೀರೆ ತಲೆಕೆಳಗಾಗಿತ್ತು.

ತಪಾಸಣೆ

ಸಾಹೇಬರು ಬೆಂಗಳೂರಿನವರು. ನೆತ್ತಿಯ ಮೇಲೆ ಹ್ಯಾಟು, ಕೈಯಲ್ಲಿ ಪಟ್ಟಿ. ಮಜ್ಜಿಗೆ ಬೇಡವೆಂದರು. ದೀಪ, ಹಾರ್ನು, ಕ್ಲಚ್ಚು, ಸೀಟು, ಒಂದೊಂದನ್ನೇ ಮುಟ್ಟಿ ನೋಡಿ ಗುರುತು ಹಾಕುತ್ತ ಬಂದರು. ಒಂದೇ ಒದೆತಕ್ಕೆ ಎಂಜಿನ್ ಎದ್ದಿತು. ಸಾಹುಕಾರರ ಮುಖದಲ್ಲಿ ಮೂರು ದಿನದ ಮೇಲೆ ರಕ್ತ ಓಡಾಡಿತು. ಕೊನೆಗೆ ಸಾಹೇಬರು ಟೂಲ್ ಬಾಕ್ಸಿನ ಮುಚ್ಚಳ ತೆಗೆದರು.

ಒಳಗೆ ಸ್ಪ್ಯಾನರ್ ಇರಲಿಲ್ಲ. ಬಾಳೆಯೆಲೆಯಲ್ಲಿ ಸುತ್ತಿದ ಒಂದು ಅಚ್ಚು ಬೆಲ್ಲ, ಅದರ ಪಕ್ಕ ಒಂದು ಹೋಳು ಕೊಬ್ಬರಿ.

ನಮ್ಮ ಕಡೆ ಕಡ ತಂದ ಪಾತ್ರೆಯನ್ನು ಬರಿದಾಗಿ ವಾಪಸ್ಸು ಕೊಡುವುದಿಲ್ಲ, ಒಳಗೆ ಏನಾದರೂ ಸಿಹಿ ಇಟ್ಟು ಕೊಡುತ್ತೇವೆ. ಗೌಡರು ಪದ್ಧತಿ ಬಿಟ್ಟಿರಲಿಲ್ಲ. ಸ್ಪ್ಯಾನರುಗಳನ್ನು ತೆಗೆದು ಮನೆಯಲ್ಲಿಟ್ಟು, ಜಾಗ ಮಾಡಿ ಬೆಲ್ಲ ಇಟ್ಟಿದ್ದರು. ನಾನು ಮುಚ್ಚಳ ತೆಗೆದು ನೋಡಿರಲಿಲ್ಲ.

"ಇದೇನ್ರೀ?" ಅಂದರು ಸಾಹೇಬರು.

ಸಾಹುಕಾರರು ತಡವರಿಸಲಿಲ್ಲ. ಹೊಸ ಗಾಡಿ ಕೊಳ್ಳೋರಿಗೆ ಬಾಯಿ ಸಿಹಿ ಮಾಡಿ ಕೊಡೋದು ನಮ್ಮ ಅಂಗಡಿ ಪದ್ಧತಿ ಅಂದರು. ಸಾಹೇಬರು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು, ಇನ್ನೊಂದು ಚೂರು ಮುರಿದರು. ಆಮೇಲೆ ಪಟ್ಟಿಯ ಕೆಳಗೆ, ವಾಹನ ಪೂರ್ತಿ ಇರುವುದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಬರೆದು ರುಜು ಹಾಕಿದರು.

ಕೈ ಮುಗಿದು ಬೀಳ್ಕೊಡಲು ಹೊರಗೆ ಬಂದೆವು. ಸಾಹೇಬರು ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು. ಎದುರಿಗೆ ಸಾಲಾಗಿ ಮೂರು ಗಾಡಿ. ಒಂದಕ್ಕೆ ಕ್ಲಚ್ ವೈರಿಲ್ಲ, ಒಂದಕ್ಕೆ ಸೀಟಿಲ್ಲ, ಒಂದಕ್ಕೆ ಟೂಲ್ ಬಾಕ್ಸಿಲ್ಲ. ಯಾರದು ಎಂದು ಕೇಳಿದರು. ಮೂವರೂ ಕೈಯಲ್ಲಿದ್ದ ಸೀರೆ ಬಿಟ್ಟು ಎದ್ದು ಬಂದರು. ಇವರು ಡಾಕ್ಟರು, ಇವರು ಗಿರಣಿ ಯಜಮಾನರು, ಇವರು ಗೌಡರು ಎಂದು ಸಾಹುಕಾರರು ಒಬ್ಬೊಬ್ಬರ ಗಾಡಿ ತೋರಿಸಿ ಪರಿಚಯ ಹೇಳಿದರು. ಎಲ್ಲಿಂದ ಬಂದಿರಿ, ಎಷ್ಟು ದಿನದಿಂದ ಕಾಯುತ್ತಿದ್ದೀರಿ ಎಂದು ಕೇಳಿದರೆ, ಸಾಹುಕಾರರ ಮಾತು ಉಳಿಸಲು ಬಂದ ಆ ಮೂವರು ಏನು ಹೇಳಿಯಾರು?

ಸಾಹೇಬರು ಸಾಹುಕಾರರ ಕಡೆ ತಿರುಗಿದರು. "ಏನ್ರೀ ಇದು? ಡಾಕ್ಟರು ಬಿಸಿಲಲ್ಲಿ ನಿಂತಿದಾರೆ, ಒಳಗೆ ಪೂರ್ತಿ ಗಾಡಿ ಇಟ್ಕೊಂಡು ಪೂಜೆ ಮಾಡ್ತಿದೀರಿ. ಗಿರಾಕಿ ದೊಡ್ಡವರಾ, ಮಾದರಿ ದೊಡ್ಡದಾ? ಅದರಿಂದ ಬಿಚ್ಚಿ ಈಗಲೇ ಇವರಿಗೆ ಕೊಡಿ. ನನ್ನ ಕಣ್ಣೆದುರಿಗೇ ಆಗ್ಬೇಕು."

ಸಾಹುಕಾರರು ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಬಹಳ ದುಃಖದ ದನಿಯಲ್ಲಿ, ತಾವು ಹೇಳಿದ ಮೇಲೆ ಇಲ್ಲ ಅನ್ನೋಕಾಕ್ಕೈತೇನ್ರೀ ಅಂದರು.

ನಾನು ಸ್ಪ್ಯಾನರ್ ಹಿಡಿದೆ. ಕಾಲು ಗಂಟೆಯಲ್ಲಿ ವೈರು ಡಾಕ್ಟರಿಗೆ, ಸೀಟು ಯಜಮಾನರಿಗೆ, ಡಬ್ಬ ಗೌಡರಿಗೆ. ಅದೇ ಬೆಳಿಗ್ಗೆ ಬಿಗಿದ ನಟ್ಟುಗಳು ಬೆರಳು ಮುಟ್ಟಿದರೆ ತಿರುಗುತ್ತಿದ್ದವು. ಸಾಹೇಬರು ಬೆರಗಾಗಿ, ಇಷ್ಟು ಚುರುಕಿನ ಕೆಲಸಗಾರನನ್ನು ಮದರಾಸಿನಲ್ಲೂ ನೋಡಿಲ್ಲ ಎಂದು ಅದನ್ನೂ ಪಟ್ಟಿಯಲ್ಲಿ ಬರೆದುಕೊಂಡರು. ಮೂರು ಗಾಡಿಗಳೂ ಫಟಫಟ ಅನ್ನುತ್ತ ಹೊರಟವು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಸಾಹುಕಾರರಿಲ್ಲ, ಅಂಗಡಿಯಿದ್ದ ಜಾಗದಲ್ಲಿ ಈಗ ಬೇರೆ ಏನೋ ಇದೆ, ಆದರೆ ಒಂದು ಚೂರು ಬೆಲ್ಲ ಬಾಯಿಗೆ ಬಿದ್ದರೆ ಆ ಗುರುವಾರ ಪೂರ್ತಿ ನೆನಪಾಗುತ್ತದೆ.

ಸಾಹೇಬರನ್ನು ಬಸ್ಸಿಗೆ ಹತ್ತಿಸಲು ನಾನೊಬ್ಬನೇ ಹೋದೆ. ಏಜೆನ್ಸಿ ಉಳಿಯಿತು, ಸಾಹೇಬರಿಗೆ ಏನೂ ಗೊತ್ತಾಗಲಿಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಬಸ್ಸು ಇನ್ನೇನು ಹೊರಡಬೇಕು ಅನ್ನುವಾಗ ಅವರು ಕಿಟಕಿಯಿಂದ ಬಗ್ಗಿ ನನ್ನನ್ನು ಹತ್ತಿರ ಕರೆದರು.

"ಬೆಲ್ಲ ಚೆನ್ನಾಗಿತ್ತು. ಮುಂದಿನ ವರ್ಷ ಡಬ್ಬ ವಾಪಸ್ಸು ತರುವಾಗ ಒಂದಿಷ್ಟು ಹುರಿಗಡಲೇನೂ ಹಾಕೋದಕ್ಕೆ ಆ ಗೌಡರಿಗೆ ಹೇಳಪ್ಪ."