ಡಾಕ್ಟ್ರ ಸಭೆಯಲ್ಲಿ ಸಿಕ್ಕ ಬೈಗುಳ

ಕಾಯಿಲೆ ಹೊಕ್ಕ ಮನೆಯಲ್ಲಿ ನಗು ಇರುವುದಿಲ್ಲ ಎನ್ನುವವರು ನಮ್ಮ ಜೊತೆ ಒಮ್ಮೆ ಬ್ರಹ್ಮಾವರದ ಸಭೆಗೆ ಬರಬೇಕಿತ್ತು. ಅಲ್ಲಿ ಬೇಡವೆಂದರೂ ಏನಾದರೊಂದು ನಡೆದೇ ನಡೆಯುತ್ತಿತ್ತು.

ನಾವುಂದದಲ್ಲಿ ನನ್ನದೊಂದು ಸಣ್ಣ ಜವಳಿ ಅಂಗಡಿ. ನನ್ನ ಹೆಂಡತಿಗೆ ಮೆದುಳಿನಲ್ಲಿ ಗೆಡ್ಡೆ ಎಂದು ಗೊತ್ತಾಗಿ, ಆಪರೇಷನ್ ಆಗಿ, ರೇಡಿಯೇಷನ್ನೂ ಮುಗಿಯಿತು. ಸ್ಕ್ಯಾನ್ ಚೊಕ್ಕವಾಗಿದೆ ಎಂದರು. ಆದರೆ ಬೆಳಗ್ಗೆ ಎದ್ದಲ್ಲಿಂದ ನನ್ನನ್ನು ಬೈಯುತ್ತಿದ್ದ ಹೆಂಗಸು ಈಗ ಎಲ್ಲದಕ್ಕೂ "ಹ್ಞೂಂ" ಎನ್ನುತ್ತಿದ್ದಳು. ಮೀನು ಆರಿಸುವುದು ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಒಂದು ದಿನ ಹೊಟ್ಟೆ ಮೆತ್ತಗಾಗಿ ಹಾಳಾದ ಬಂಗುಡೆ ತಂದೆ. ಮೊದಲಾಗಿದ್ದರೆ ಬಂಗುಡೆ ಸಮೇತ ನನ್ನನ್ನೂ ಅಂಗಳಕ್ಕೆ ಅಟ್ಟುತ್ತಿದ್ದಳು. ಅವತ್ತು ಸಾರು ಮಾಡಿ, ಬಡಿಸಿ, ತಾನೂ ತಿಂದು "ಲಾಯ್ಕಿತ್ತ್" ಎಂದು ಹೊಗಳಿದಳು. ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಇದು ಸುಸ್ತಿನದ್ದಿರಬಹುದು, ಹೀಗೇ ಉಳಿಯಲೂಬಹುದು, ಕಾದು ನೋಡಿ ಎಂದರು ಡಾಕ್ಟರು. ಕಾಯುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು. ಮೆದುಳಿನ ಗೆಡ್ಡೆಗೆ ಎಷ್ಟು ವಾರ ರೇಡಿಯೇಷನ್ ಕೊಟ್ಟರೆ ಒಳ್ಳೆಯದು ಎಂದು ಹೊಸದೊಂದು ಅಧ್ಯಯನ ಮಾಡುವವರಿದ್ದಾರೆ. ಅದು ಹೇಗಿರಬೇಕು ಎಂದು ಶುರುವಿಗೇ ಹೇಳಿಕೊಡಲು ಕಾಯಿಲೆ ಕಂಡವರೂ ಅವರನ್ನು ನೋಡಿಕೊಂಡವರೂ ಬರಬೇಕಂತೆ. ಹೋಗುವುದಾ ಎಂದು ಹೆಂಡತಿಯನ್ನು ಕೇಳಿದೆ. "ಹ್ಞೂಂ" ಎಂದಳು.

ಅದಲುಬದಲು

ಮೊದಲ ಸಭೆಯಲ್ಲಿ ಮಾತಾಡಿದ್ದು ಮೈಸೂರು ಕಡೆಯ ಒಬ್ಬರು ಲೇಡಿ ಡಾಕ್ಟರು. ಅರ್ಧ ಜನರಿಗೆ ಆರು ವಾರದ ಚಿಕಿತ್ಸೆ, ಇನ್ನರ್ಧಕ್ಕೆ ಮೂರು ವಾರದ್ದು. ಯಾರಿಗೆ ಯಾವುದು ಎಂದು ರೋಗಿಯೂ ಹೇಳುವಂತಿಲ್ಲ, ಡಾಕ್ಟರೂ ಹೇಳುವಂತಿಲ್ಲ, ಕಂಪ್ಯೂಟರೇ ಆರಿಸುತ್ತದೆ. ಅರ್ಥವಾಗಲಿ ಎಂದು ಅಲ್ಲೇ ಆಟದ ಹಾಗೆ ಮಾಡಿ ತೋರಿಸಿದರು. ಆರು ವಾರದವರು ಎಡಗಡೆ, ಮೂರು ವಾರದವರು ಬಲಗಡೆ ಕುಳಿತೆವು.

ಚಹಾ ಕುಡಿದು ಬಂದು ನೋಡಿದರೆ, ಎಡಗಡೆ ಇದ್ದ ಕಿರಿಮಂಜೇಶ್ವರದ ಮೀನು ಮಾರುವ ಅಕ್ಕ ಬಲಗಡೆ ಕುಳಿತಿದ್ದಾರೆ. ಬಲಗಡೆ ಇದ್ದ ಸಾಲಿಗ್ರಾಮದ ಭಟ್ರ ಹೆಂಡತಿ ಎಡಗಡೆ. ಇಬ್ಬರ ಗಂಡಂದಿರಿಗೂ ಹಿಂದೆ ರೇಡಿಯೇಷನ್ ಆಗಿತ್ತು.

"ಇದೇನಮ್ಮ, ಜಾಗ ಬದಲಾಗಿದೆ?" ಎಂದರು ಡಾಕ್ಟರು.

"ಆರ್ ವಾರ ಆಸ್ಪತ್ರೆ ತಿರುಗುದಾದ್ರೆ ಮೀನ್ ಯಾರ್ ಮಾರುದ್? ಅದಕ್ಕೆ ಅಮ್ಮನ ಹತ್ರ ಬದ್ಲ್ ಮಾಡ್ಕಂಡೆ" ಎಂದರು ಅಕ್ಕ.

"ನಮ್ಮವ್ರಿಗೆ ಹೆಚ್ಚೇ ಇರ್ಲಿ" ಎಂದರು ಭಟ್ರ ಹೆಂಡತಿ, ಬಡಿಸುವವರಿಗೆ ಹೇಳುವ ಹಾಗೆ.

ಹಾಗೆ ಮಾಡಿದರೆ ಅಧ್ಯಯನವೇ ಕೆಟ್ಟುಹೋಗುತ್ತದೆ, ಕಂಪ್ಯೂಟರ್ ಹೇಳಿದ್ದನ್ನು ಬದಲಿಸುವಂತಿಲ್ಲ ಎಂದು ಡಾಕ್ಟರು ಮತ್ತೆ ಮೊದಲಿನಿಂದ ವಿವರಿಸಿದರು. ಅಕ್ಕ ಪೂರ್ತಿ ಕೇಳಿ, ದನಿ ತಗ್ಗಿಸಿ ಸಮಾಧಾನ ಹೇಳಿದರು: "ಕಂಪ್ಯೂಟರಿಗೆ ಹೇಳುದೇ ಬ್ಯಾಡ ಡಾಕ್ಟ್ರೆ. ನಮ್ಮ್ ನಮ್ಮೊಳ್ಗೆ ಇರ್ಲಿ."

ಬಾಗಿಲಲ್ಲಿ

ಸಭೆ ಮುಗಿದಾಗ ಡಾಕ್ಟರು ಬಾಗಿಲಲ್ಲಿ ಕೈಮುಗಿದು ನಿಂತು, ಒಬ್ಬೊಬ್ಬರಿಗೂ "ಮತ್ತೆ ಬನ್ನಿ" ಎಂದರು. ಒಬ್ಬರೂ ಉತ್ತರ ಕೊಡಲಿಲ್ಲ. ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿ ಹೊರಟುಬಿಟ್ಟರು. ಸಿದ್ದಾಪುರದ ಅಜ್ಜಯ್ಯ ಒಬ್ಬರು ಆ ಮಾತು ಕೇಳಿ ವಾಪಸು ಬಂದು, ಒಂದು ಲೋಟ ನೀರು ಕುಡಿದು, ಹೊಸದಾಗಿ ಹೊರಟರು.

ಸಂಜೆ ಡಾಕ್ಟರು ನನಗೆ ಫೋನು ಮಾಡಿದರು. "ನಮ್ಮಿಂದ ಏನಾದ್ರೂ ತಪ್ಪಾಯ್ತಾ ಸಾರ್? ಯಾರೂ ಮಾತೇ ಆಡ್ಲಿಲ್ಲ. ಇನ್ನು ಬರೋದಿಲ್ವೇನೋ."

ನಮ್ಮೂರಲ್ಲಿ ಯಾರ ಮನೆಯಿಂದ ಹೊರಟರೂ "ಬತ್ತೆ", ಅಂದರೆ ಮತ್ತೆ ಬರುತ್ತೇನೆ, ಎಂದೇ ಹೇಳುತ್ತೇವೆ, ಡಾಕ್ಟರು ಮತ್ತು ಪೊಲೀಸರ ಹತ್ತಿರ ಮಾತ್ರ ಬಾಯಿ ತಪ್ಪಿಯೂ ಹೇಳುವುದಿಲ್ಲ ಎಂದೆ. ಅವರು ತುಂಬ ಹೊತ್ತು ನಕ್ಕರು. ಆಮೇಲೆ ಗಾಬರಿಯಾದರು: ಅಧ್ಯಯನಕ್ಕೆ ಸೇರಿದವರನ್ನು ಆಗಾಗ ಸ್ಕ್ಯಾನಿಗೆ ಕರೆಯಬೇಕಲ್ಲ, ಹೇಗೆ ಕರೆಯುವುದು? ಕೊನೆಗೆ ನಾವೆಲ್ಲ ಕೂಡಿ ತೀರ್ಮಾನಿಸಿದೆವು. ನರ್ಸ್ ಫೋನು ಮಾಡಿ ಇಷ್ಟೇ ಹೇಳಬೇಕು: "ನಿಮ್ಮನ್ ಕಾಣ್ದೆ ಸುಮಾರ್ ದಿನ ಆಯ್ತ್."

ಮುಂದಿನ ಸಭೆಯಲ್ಲಿ ಡಾಕ್ಟರು ಬಾಗಿಲಲ್ಲಿ ನಿಂತು, "ಮತ್ತೆ ಬನ್ನಿ" ಎನ್ನದೆ, ತುಟಿ ಬಿಗಿಹಿಡಿದು ನಗುತ್ತಿದ್ದರು.

ಅಳತೆ

ಆ ಸಭೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಚಿಕಿತ್ಸೆ ಗೆದ್ದಿತು ಎಂದು ತಿಳಿಯಲು ನಾವು ಏನನ್ನು ಅಳೆಯಬೇಕು? ಸ್ಕ್ಯಾನಂತೂ ನೋಡುತ್ತೇವೆ, ಬೇರೆ ಏನು?

ಮಂತ್ರ ಮಧ್ಯದಲ್ಲಿ ಮರೆಯಬಾರದು ಎಂದರು ಭಟ್ರು. ಗಂಡ ಒಬ್ಬರೇ ಬಸ್ಸು ಹತ್ತಿ ಕುಂದಾಪುರಕ್ಕೆ ಹೋಗಿಬರುವಂತಾಗಬೇಕು ಎಂದರು ಅಕ್ಕ. ನನ್ನ ಸರದಿ ಬಂತು. ಎದ್ದು ನಿಂತೆ.

"ಬೈಗ್ಳದ ಅಳ್ತಿ ತಕಣಿ, ಡಾಕ್ಟ್ರೆ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಬಂಗುಡೆಯ ಕತೆ ಹೇಳಿದೆ. "ಸ್ಕ್ಯಾನ್ ಸರಿ ಇತ್ತ್ ಅಂತ್ರಿ. ಆದ್ರೆ ಹಾಳಾದ ಮೀನ್ ತಂದದ್ದ್ ಇವ್ಳಿಗ್ ಗೊತ್ತೇ ಆಯ್ಲಿಲ್ಲೆ. ನಂಗೆ ಮೊದ್ಲಿನ ಹೆಂಡ್ತಿ ಬೇಕ್" ಎಂದೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹ್ವಾಯ್."

ಪಕ್ಕಕ್ಕೆ ತಿರುಗಿದೆ. ಹೆಂಡತಿ ಎದ್ದು ನಿಂತಿದ್ದಳು.

"ಗೊತ್ತಾಯ್ಲಿಲ್ಲೆ ಅಂದ್ ಯಾರ್ ಹೇಳದ್ ನಿಮ್ಗೆ? ಅದ್ರ ವಾಸ್ನಿ ಗೇಟಿಂದ್ಲೇ ಬತ್ತಿತ್ತ್. ಬೈಯುಕೆ ತ್ರಾಣ ಇರ್ಲಿಲ್ಲೆ, ಅಷ್ಟೆ. ಮನಿ ಮಾತ್ ಊರಿಗೆಲ್ಲ ಸಾರುಕೆ ನಾಚ್ಕಿ ಇಲ್ದಾ? ಅದೂ ಮೀನ್ ಮಾರು ಅಕ್ಕನ ಎದ್ರಿಗೆ. ಇನ್ನ್ ನಾನ್ ಮಾರ್ಕೆಟಿಗೆ ಹ್ಯಾಂಗ್ ಹೋಪುದ್? ಆ ಅಂಗಿ ಕಾಣಿ, ಗುಂಡಿ ಒಂದ್ ಬಿಟ್ಟ್ ಒಂದಕ್ಕ್ ಹಾಕಂಡ್ ಬಂದಿರಿ. ಹೆಸ್ರಿಗೆ ಜವಳಿ ಅಂಗಡಿ."

ಒಂದಾದ ಮೇಲೊಂದು ಬರುತ್ತಲೇ ಇತ್ತು. ನೆಂದ ಕೊಡೆ ಬಂತು, ತೆರೆದಿಟ್ಟ ಗೇಟು ಬಂತು, ನಮ್ಮ ಮದುವೆಗೆ ನಾನು ತಡವಾಗಿ ಬಂದದ್ದೂ ಬಂತು. ನನ್ನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಮೈಯೆಲ್ಲ ಹಗುರಾಗುತ್ತಿತ್ತು.

ಡಾಕ್ಟರು ಗಾಬರಿಯಿಂದ ಓಡಿಬಂದರು. "ಅಮ್ಮಾ, ಸಾಕು, ಕೂತ್ಕೊಳ್ಳಿ. ಸುಸ್ತಾಗತ್ತೆ."

ನಾನು ಅವರಿಗೆ ಕೈಮುಗಿದೆ.

"ತಡೀಬ್ಯಾಡಿ ಡಾಕ್ಟ್ರೆ. ಇನ್ನೂ ಸ್ವಲ್ಪ ಆಯ್ಲಿ."