ದೊಡ್ಡಮ್ಮನ ಫೋನಿನಿಂದ ಕಳುವಾದ ಹಸಿರು

ನಮ್ಮ ದೊಡ್ಡಮ್ಮನ ಫೋನಿಗೆ ಅಪ್‌ಡೇಟ್ ಬಂತೆಂದರೆ ಕೊಡಿಗೇಹಳ್ಳಿಯ ಆ ಬೀದಿಯಲ್ಲಿ ಅವತ್ತು ಯಾರಿಗೂ ನೆಮ್ಮದಿಯಿಲ್ಲ! ನಾವು ನೀವೆಲ್ಲ ಏನು ಮಾಡುತ್ತೇವೆ? ಬಟನ್ ಒತ್ತಿ ಮಲಗುತ್ತೇವೆ, ಬೆಳಿಗ್ಗೆ ಎದ್ದು ಏನು ಬದಲಾಯಿತೆಂದು ನೋಡುವುದೂ ಇಲ್ಲ. ಬದಲಾಗಿದ್ದರೆ ತಾನೇ ನೋಡುವುದು! ದೊಡ್ಡಮ್ಮನ ಮನೆಯಲ್ಲಿ ಹಾಗಲ್ಲ. ಮೊದಲು ಸ್ನಾನ. ಆಮೇಲೆ ಫೋನನ್ನು ದೇವರ ಗೂಡಿನ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿ, ಅದು ಆರಿ ಮತ್ತೆ ಹೊತ್ತಿಕೊಳ್ಳುವ ತನಕ ಎದುರಿಗೇ ಮಣೆ ಹಾಕಿಕೊಂಡು ಕೂರುವುದು. ಅಷ್ಟು ಹೊತ್ತೂ ಮಿಕ್ಸಿ ಹಾಕುವಂತಿಲ್ಲ. ದೊಡ್ಡಪ್ಪ ಕಾಫಿ ಕೇಳುವಂತಿಲ್ಲ. ತೆಂಗಿನಕಾಯಿ ಒಡೆಯುವುದೊಂದು ಬಾಕಿ.

ಹೊತ್ತಿಕೊಂಡ ಮೇಲೆ ವಿಚಾರಣೆ ಶುರು.

"ಏನ್ ಬದ್ಲಾಯ್ಸವ್ರೆ, ಓದೇ."

ನಾನು ಓದುತ್ತೇನೆ. ಭದ್ರತೆ ಹೆಚ್ಚಿಸಲಾಗಿದೆ. ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ.

"ಬದ್ರತೇನಾ? ನನ್ ಫೋನಾಗೆ ಕದಿಯಾಕೆ ಏನೈತೆ, ಕುಚ್ಚಿನ್ ಫೋಟೋನಾ? ಅದೇನೋ ದೋಸ ಅಂದ್ಯಲ್ಲ, ಯಾವ್ ದೋಸ?"

"ಅದನ್ನೆಲ್ಲಾ ಹೇಳಲ್ಲ ದೊಡ್ಡಮ್ಮ."

"ನೋಡ್ದೇನೆ! ಏನೋ ಮುಚ್ಚಿಡ್ತಾವ್ರೆ."

ಕುಚ್ಚಿನ ವಿಷಯ ಹೇಳಲೇಬೇಕು. ದೊಡ್ಡಮ್ಮ ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ನನ್ನ ಮದುವೆಯ ಸೀರೆಯಿಂದ ಹಿಡಿದು ಆ ಸುತ್ತಿನ ಎಷ್ಟೋ ಮದುವೆಗಳ ಸೀರೆಗಳು ಅವಳ ಮಡಿಲಲ್ಲಿ ಹಾದುಹೋಗಿವೆ. ಅವಳದೊಂದು ವಿಚಿತ್ರ ಪದ್ಧತಿ. ರೇಷ್ಮೆ ಸೀರೆಯನ್ನು ಮತ್ತೆ ಮತ್ತೆ ಬಿಚ್ಚಿದರೆ ಮಡಿಕೆ ಕೆಡುತ್ತದೆ, ಕೈಯ ಬೆವರು ತಾಗುತ್ತದೆ ಎಂದು ಸೀರೆ ಬಂದ ಕೂಡಲೇ ಅದರ ಫೋಟೋ ತೆಗೆದಿಟ್ಟುಕೊಳ್ಳುವಳು. ದಾರ ಆರಿಸುವಾಗ ಒಂದೊಂದೇ ರೀಲನ್ನು ಫೋನಿನ ಪರದೆಗೆ ಒತ್ತಿ ಹಿಡಿದು ಬಣ್ಣ ಕೂಡಿಸುವಳು. ಫೋನು ಅವಳಿಗೆ ಮಾತಾಡುವ ಸಾಧನವಲ್ಲ, ಬಣ್ಣ ನೋಡುವ ಸಾಧನ. ಹಾಗಾಗಿ ಹೋದ ವರ್ಷ ಒಂದು ಅಪ್‌ಡೇಟ್ ಆದ ಮೇಲೆ ಬಣ್ಣಗಳು ಮಂಕಾಗತೊಡಗಿದಾಗ ಅವಳು ಬೈದದ್ದು ಫೋನನ್ನೇ.

ಮೊದಲು ಸಿಕ್ಕಿಬಿದ್ದವಳು ಸಹಕಾರನಗರದ ಗಿರಾಕಿ.

"ಆಂಟಿ, ಸೀರೆ ಬಾಟಲ್ ಗ್ರೀನು, ನೀವು ನೇವಿ ಬ್ಲೂ ಕುಚ್ಚು ಕಟ್ಟಿದ್ದೀರಲ್ಲಾ! ನಾಳಿದ್ದು ನನ್ ತಂಗಿ ರಿಸೆಪ್ಶನ್ನು ಕಣ್ರೀ!"

"ನನ್ನೇನ್ ಕೇಳ್ತೀಯವ್ವ? ಅಪ್‌ಡೇಟ್ ಕಳ್ಸಿದ್ರಲ್ಲ, ಅವ್ರನ್ನ ಕೇಳು. ಅಸ್ರನ್ನೆಲ್ಲಾ ಇಳಿಸ್ಬುಟ್ಟವ್ರೆ!"

ಆ ಹುಡುಗಿ ಪಾಪ, ಯಾರನ್ನು ಹೋಗಿ ಕೇಳಬೇಕು? ದೊಡ್ಡಮ್ಮ ಗೊಣಗುತ್ತಲೇ ಎಲ್ಲ ಬಿಚ್ಚಿ ಮತ್ತೆ ಕಟ್ಟಿಕೊಟ್ಟಳು. ಮರುದಿನ ಮೊಬೈಲ್ ಅಂಗಡಿಗೆ ದಂಡಯಾತ್ರೆ.

"ಅಮ್ಮಾ, ಅಪ್‌ಡೇಟ್ ಆದ್ರೆ ಫೋನ್ ಫಾಸ್ಟ್ ಆಗುತ್ತೆ ಅಷ್ಟೇ. ಬಣ್ಣ ಎಲ್ಲಿಗ್ ಹೋಗುತ್ತೆ?" ಎಂದ ಅಂಗಡಿಯವನು.

"ಫಾಸ್ಟ್ ಯಾರ್ಗಪ್ಪಾ ಬೇಕು? ನಾನೇನ್ ಏರ್‌ಪೋರ್ಟ್‌ಗೋಗ್ಬೇಕಾ? ನನ್ ಅಸ್ರು ವಾಪಸ್ ಆಕು!"

ಅಂದಿನಿಂದ ಆ ಅಂಗಡಿಯವನು ಅವಳನ್ನು ದೂರದಲ್ಲಿ ಕಂಡರೇ ಟೀ ಕುಡಿಯಲು ಹೊರಟುಬಿಡುತ್ತಿದ್ದ. ಅವಳಿಗೇನಾಗುತ್ತಿದೆ ಎಂದು ನೀವಾಗಲೇ ಊಹಿಸಿದ್ದೀರಿ, ಅಲ್ಲವೇ? ನಮಗೆ ಮಾತ್ರ ಅದು ನಗುವಿನ ಮಾತಾಗಿತ್ತು. ದೊಡ್ಡಮ್ಮ ನಗಿಸುತ್ತಲೇ ಬಂದವಳು, ಅವಳು ಬಾಯಿ ತೆರೆದರೆ ನಗುವುದು ನಮ್ಮ ಮನೆಯ ಅಭ್ಯಾಸ.

ಅಂಗಡಿಯವನು ಕೈಬಿಟ್ಟ ಮೇಲೆ ಫೋನು ನನ್ನ ಕೈಗೆ ಬಂತು. ಅವಳಿಗೆ ಮಕ್ಕಳಿಲ್ಲ, ಬೈಸಿಕೊಳ್ಳಲು ಇರುವವಳು ನಾನೊಬ್ಬಳೇ. ಆರ್.ಟಿ. ನಗರದ ಆಫೀಸು ಮುಗಿಸಿ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಸುಸ್ತಾಗಿ ಒಂದು ಸಂಜೆ ಅವಳ ಮನೆಗೆ ಹೋದರೆ, ಚಪ್ಪಲಿ ಬಿಡುವ ಮೊದಲೇ "ಬೆಳ್ಕೇ ಇಲ್ಲ ಕಣೇ ಇದ್ರಾಗೆ" ಎಂದು ಫೋನು ಚಾಚಿದಳು. ನನ್ನ ಕಣ್ಣಿಗೆ ಪರದೆ ಚೆನ್ನಾಗಿಯೇ ಕಂಡಿತು. ವಾದ ಮಾಡುವ ತ್ರಾಣವಿರಲಿಲ್ಲ. ಪರದೆಯ ಬೆಳಕು ಹೆಚ್ಚಿಸುವ ಗೆರೆಯನ್ನು ಬೆರಳಲ್ಲಿ ಸ್ವಲ್ಪ ಮುಂದೆ ತಳ್ಳಿ, "ಚಿಕ್ಕದೊಂದು ಅಪ್‌ಡೇಟ್ ಬಂದಿತ್ತು, ಹಾಕ್ದೆ" ಎಂದೆ.

"ಆಂ! ಇವಾಗ್ ಬಂತು ನೋಡು ಬೆಳ್ಕು! ಆ ಕಂಪ್ನಿಯವ್ರನ್ನ ನೀನ್ ಎದ್ರಿಸ್ಬೇಕು, ಅವಾಗ್ಲೇ ಬಗ್ಗಾದು."

ದೊಡ್ಡ ದೊಡ್ಡ ಎಂಜಿನಿಯರುಗಳು ವರ್ಷವಿಡೀ ಕೂತು ಕಳಿಸುವ ಅಪ್‌ಡೇಟಿನಲ್ಲಿ ಅವಳಿಗೆ ಕಾಣದ ಸುಧಾರಣೆ ನನ್ನ ಒಂದು ಬೆರಳಲ್ಲಿ ಆಗಿಬಿಟ್ಟಿತು! ಹೋದಾಗಲೆಲ್ಲ ಅದೇ ಕೆಲಸ. ಗೆರೆ ಇಷ್ಟಿಷ್ಟೇ ಮುಂದೆ ಹೋಯಿತು. ಅದರ ಜೊತೆ ಅಕ್ಷರಗಳೂ ಬೆಳೆದವು. ಕೊನೆಗೆ ಅವು ಯಾವ ಗಾತ್ರಕ್ಕೆ ಬಂದವೆಂದರೆ, ನಾನು ಕಳಿಸಿದ ಸಂದೇಶವನ್ನು ದೊಡ್ಡಮ್ಮ ಜಗುಲಿಯಲ್ಲಿ ತೆರೆದರೆ ಎದುರುಮನೆಯಾಕೆ ತನ್ನ ಕಿಟಕಿಯಿಂದಲೇ ಓದಿ, "ನಿಮ್ ಹುಡ್ಗಿ ಭಾನುವಾರ ಬರ್ತಾಳಂತೆ, ಅವರೆಕಾಳು ತರ್ತಾಳಂತೆ" ಎಂದು ಕೂಗಿ ಹೇಳಿದಳು! ಬಿದ್ದು ಬಿದ್ದು ನಕ್ಕೆವು. ದೊಡ್ಡಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು.

ಅವರೆಕಾಳು ತೆಗೆದುಕೊಂಡು ಹೋದ ಆ ಭಾನುವಾರವೇ ನಮ್ಮ ನಗು ನಿಂತಿತು.

ಮಧ್ಯಾಹ್ನದ ಬಿಸಿಲು. ಜಗುಲಿಯಲ್ಲಿ ಸೀರೆ, ದಾರ ಹರಡಿಕೊಂಡು ಕೂತಿದ್ದಳು. "ಇನ್ನೊಂಚೂರು ಬೆಳ್ಕು ಆಕೇ" ಎಂದಳು. ಬೆರಳಿಟ್ಟೆ. ಗೆರೆ ಕದಲಲಿಲ್ಲ. ಅದಾಗಲೇ ತುದಿ ಮುಟ್ಟಿತ್ತು. ಮತ್ತೆ ತಳ್ಳಿದೆ, ಮತ್ತೆ ತಳ್ಳಿದೆ. ಪರದೆ ನನ್ನ ಕಣ್ಣಿಗೆ ಚುಚ್ಚುವಷ್ಟು ಉರಿಯುತ್ತಿತ್ತು.

"ಆಕ್ದೇನೆ?"

ಅವಳ ಮಡಿಲಿನಿಂದ ಒಂದು ರೀಲು ಎತ್ತಿ ಬಿಸಿಲಿಗೆ ಹಿಡಿದೆ. ಗಿಣಿ ಹಸಿರು. ಕುರುಡರಿಗೂ ಕಾಣುವಂಥ ಹಸಿರು ಎಂದು ಅವಳೇ ಒಂದು ಕಾಲದಲ್ಲಿ ತಮಾಷೆ ಮಾಡುತ್ತಿದ್ದಳು.

"ದೊಡ್ಡಮ್ಮ, ಇದು ಯಾವ ಬಣ್ಣ?"

ಕತ್ತು ಆಚೆ ಈಚೆ ವಾಲಿಸಿ ನೋಡಿದಳು. ತುಂಬಾ ಹೊತ್ತು ನೋಡಿದಳು. "ಬೂದಿ ಬಣ್ಣ ಅಲ್ವೇನೆ?" ಎಂದಳು. ಆಮೇಲೆ ನಾನು ಸುಮ್ಮನಿದ್ದದ್ದರಿಂದಲೇ ಅವಳಿಗೆ ತಿಳಿಯಿತು. "ಇದು ಫೋನಲ್ಲ ಅಲ್ವಾ?" ಎಂದು ಮೆಲ್ಲಗೆ ಕೇಳಿದಳು.

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸೊರಗಿಹೋಗಿದೆ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. "ಹೋಗಿರೋ ದೃಷ್ಟಿ ವಾಪಸ್ ಬರಲ್ಲ ಅಮ್ಮ. ಇರೋದನ್ನ ಉಳಿಸ್ಕೊಳ್ಳೋಣ. ದಿನಾ ಹನಿ ಹಾಕ್ಬೇಕು, ಒಂದು ದಿನವೂ ತಪ್ಪಿಸ್ಬಾರ್ದು."

"ಅಂದ್ರೆ ನನ್ ಕಣ್ಗೆ ಇನ್ ಅಪ್‌ಡೇಟ್ ಇಲ್ಲ ಅನ್ನಿ" ಎಂದಳು ದೊಡ್ಡಮ್ಮ. ಡಾಕ್ಟರು ನಕ್ಕುಬಿಟ್ಟರು, ಮರುಕ್ಷಣವೇ ತಲೆ ತಗ್ಗಿಸಿ ಚೀಟಿ ಬರೆಯತೊಡಗಿದರು.

ಮನೆಯ ಗೇಟಿನ ಹತ್ತಿರ ಆಟೋದಿಂದ ಇಳಿದ ಮೇಲೆ ಬ್ಯಾಗಿನಿಂದ ಫೋನು ತೆಗೆದು ಸೆರಗಿನಿಂದ ಒರೆಸಿದಳು.

"ಪಾಪ, ಇದ್ನ ಎಷ್ಟ್ ಬೈದ್ಬುಟ್ಟೆ ಕಣೇ."

ಈಗ ದೊಡ್ಡಮ್ಮ ಮದುವೆ ಸೀರೆ ಒಪ್ಪಿಕೊಳ್ಳುವುದಿಲ್ಲ. ಅಕ್ಕಪಕ್ಕದವರ ಸೀರೆ ಬಂದರೆ, ಯಾರಾದರೂ ದಾರ ಆರಿಸಿ ಕೈಗಿಟ್ಟರೆ, ಕುಚ್ಚನ್ನು ಬೆರಳುಗಳೇ ಕಟ್ಟುತ್ತವೆ. ದಿನಾ ಹನಿ ಹಾಕುವುದು ದೊಡ್ಡಪ್ಪನ ಕೆಲಸ. ಅವರ ಕೈ ನಡುಗುವುದರಿಂದ ಕಣ್ಣಿಗಿಂತ ಕೆನ್ನೆಗೇ ಔಷಧಿ ಹೆಚ್ಚು. "ಕೆನ್ನೆ ದೃಷ್ಟಿ ಬಾಳ ಚೆನ್ನಾಗಾಗೈತೆ" ಎನ್ನುತ್ತಾಳೆ. ನಾನು ನಗುತ್ತೇನೆ, ಆದರೆ ಮೊದಲಿನಂತೆ ನಗಲು ಬರುವುದಿಲ್ಲ.

ಮೊನ್ನೆ ಮತ್ತೆ ಅಪ್‌ಡೇಟ್ ಬಂತು. ಬಟನ್ ಒತ್ತಿ ಸುಮ್ಮನೆ ಬದಿಗಿಡಬಹುದಿತ್ತು. ಅವಳು ಬಿಡಬೇಕಲ್ಲ! ಸ್ನಾನ ಆಯಿತು, ದೇವರ ಗೂಡಿನ ಪಕ್ಕ ಮಣೆ ಬಿತ್ತು. ನಾನೂ ಪಕ್ಕದಲ್ಲಿ ಕೂತೆ. ಆರಿತು, ಹೊತ್ತಿಕೊಂಡಿತು. ನಾನು ಎಂದಿನಂತೆ ಓದಿದೆ. ಭದ್ರತೆ, ದೋಷ, ಅದೇ ರಾಗ. ದೊಡ್ಡಮ್ಮ ಫೋನನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ಮತ್ತೆ ಹತ್ತಿರ ತಂದಳು. ಇಷ್ಟು ದಿನ ಅವಳು ನನ್ನನ್ನು ಕೇಳುತ್ತಿದ್ದ ಪ್ರಶ್ನೆಯನ್ನು ಅವತ್ತು ನಾನು ಅವಳನ್ನು ಕೇಳಿದೆ.

"ದೊಡ್ಡಮ್ಮ, ಏನಾದ್ರೂ ಬದಲಾಗಿದೆಯಾ?"

"ಇಲ್ಲ ಕಣೇ. ಇದ್ದಂಗೇ ಐತೆ. ಓದ್ಸಲ ಎಷ್ಟ್ ಕಾಣ್ತಿತ್ತೋ ಅಷ್ಟೇ ಕಾಣ್ತೈತೆ."

ನಾನು ಅವಳ ಮಡಿಲಲ್ಲಿ ಮುಖವಿಟ್ಟುಬಿಟ್ಟೆ. ದಾರದ ವಾಸನೆ, ಔಷಧಿಯ ವಾಸನೆ. ಅವಳ ಬೆರಳು ನನ್ನ ಕೆನ್ನೆ ಹುಡುಕಿಕೊಂಡು ಬಂದು ಒದ್ದೆಯ ಮೇಲೆ ನಿಂತಿತು.

"ಯಾಕೆ ಅಳ್ತೀಯೇ? ಅಪ್‌ಡೇಟ್ ಸರ್ಯಾಗ್ ಆಗ್ಲಿಲ್ವಾ?"

"ಆಯ್ತು ದೊಡ್ಡಮ್ಮ," ಎಂದೆ. "ಈ ಸಲ ಸರಿಯಾಗಿ ಆಯ್ತು."