ಟೋಪಿ ತೆಗೆದು ಕಿತ್ತ ಹಣ್ಣು

"ಹೊಲ್ಲರ್ ಹಣ್ಣು ಕೀಳೋದಕ್ಕೆ ಪಂಡಿತರು ಬೇಕಾ? ನಾನಿಲ್ವಾ?" ಎಂದು ಕಿಲಿಯನ್ ಎದೆ ತಟ್ಟಿಕೊಂಡಾಗಲೇ ಹೆಂಡತಿ ಹೆಡ್ವಿಗ್‌ಳ ಎದೆ ಧಸಕ್ಕೆಂದಿತ್ತು. ಆದರೇನು ಮಾಡುವುದು, ಅವಳ ಮಂಡಿ ಊದಿತ್ತು. ಅವತ್ತೇ ಅವಳಮ್ಮನಿಗೆ ಎಂಬತ್ತಾರು ತುಂಬುತ್ತಿತ್ತು. ಹೊಲ್ಲರ್‌ನ, ಅಂದರೆ ಎಲ್ಡರ್‌ಬೆರಿಯ, ಸಿಹಿಗೊಜ್ಜಿಲ್ಲದ ಹುಟ್ಟುಹಬ್ಬವನ್ನು ಮುದುಕಿ ಹುಟ್ಟುಹಬ್ಬವೆಂದೇ ಒಪ್ಪುತ್ತಿರಲಿಲ್ಲ.

ಕಿಲಿಯನ್ ಬಕೆಟ್ ಹಿಡಿದು ದಂಡಯಾತ್ರೆ ಹೊರಟ. ಕಾಲುವೆಯ ಪಕ್ಕದಲ್ಲೇ ಕಪ್ಪಗೆ ಹೊಳೆಯುವ ಗೊಂಚಲುಗಳು! ಹೊಲ್ಲರ್ ಮರ ಎದುರಾದರೆ ಟೋಪಿ ತೆಗೆಯಬೇಕೆಂಬುದು ಸ್ಟೈರಿಯಾ ಸೀಮೆಯ ಆ ಹಳ್ಳಿಯಲ್ಲಿ ಅಜ್ಜಂದಿರ ಕಾಲದ ಪದ್ಧತಿ. ಇವನು ಟೋಪಿ ತೆಗೆದು, ನಡು ಬಗ್ಗಿಸಿ, ಕಣ್ಣು ಮುಚ್ಚಿ ನಮಿಸಿದ. ಭಕ್ತಿಯ ಭರಾಟೆಯಲ್ಲಿ ಗಿಡದ ಮುಖ ನೋಡುವುದನ್ನೇ ಮರೆತ. ಅರ್ಧ ಗಂಟೆಯಲ್ಲಿ ಬಕೆಟ್ ತುಂಬಿತು. ಹೆಡ್ವಿಗ್ ಕೂದಲು ಕತ್ತರಿಸಿಕೊಳ್ಳಲು ಹೋಗಿದ್ದಾಗ ಪ್ಲಮ್, ದಾಲ್ಚಿನ್ನಿ ಹಾಕಿ ಕುದಿಸಿ, ಒಂದು ಬಟ್ಟಲನ್ನು ಎದುರು ಬೀದಿಯ ಅತ್ತೆಗೆ ಕೊಟ್ಟೂ ಬಂದ.

ಹೆಡ್ವಿಗ್ ಬಂದವಳೇ ಮೂಗು ಮುಚ್ಚಿಕೊಂಡಳು. "ಏನಿದು ನಾತ? ಏಣಿ ಇಲ್ಲೇ ಇದೆ, ಹಣ್ಣು ಹೇಗೆ ಕಿತ್ತೆ?"

"ಏಣಿ ಯಾಕೆ? ಗಿಡ ನನ್ನ ಎದೆಮಟ್ಟ ಇತ್ತು."

"ಕಾಂಡ ಮರದ ಥರ ಗಟ್ಟಿಯಿತ್ತಾ?"

"ಹಸಿರಾಗಿ ಮೆತ್ತಗಿತ್ತು. ಎಳೇ ಗಿಡ ಇರಬೇಕು."

"ಗೊಂಚಲು ಜೋತಾಡ್ತಿತ್ತಾ?"

"ಇಲ್ಲಪ್ಪ, ಸಿಪಾಯಿ ಥರ ಸೆಟೆದು ನಿಂತಿತ್ತು."

"ಹಣ್ಣಾದ ಹೊಲ್ಲರ್ ಜೋತು ಬೀಳುತ್ತೆ ಕಣೋ. ಸೆಟೆದು ನಿಲ್ಲೋದು ಆಟಿಖ್, ವಿಷದ ಕಳೆ. ನೀನು ಟೋಪಿ ತೆಗೆದದ್ದು ಕಳೆಗೆ. ಅಮ್ಮನಿಗೆ ಕೊಟ್ಟಿಲ್ಲ ತಾನೆ?"

ಕಿಲಿಯನ್ ಬೀದಿಗೆ ಬಿದ್ದು ಓಡಿದ. ಊದಿದ ಮಂಡಿಯ ಹೆಡ್ವಿಗ್ ಅವನನ್ನೂ ಹಿಂದೆ ಹಾಕಿದಳು.

ಅತ್ತೆ ಕ್ರೆಸೆನ್ಸಿಯಾ ಕಾಲು ನೀಡಿ ಕೂತಿದ್ದರು. ಬಟ್ಟಲು ಖಾಲಿ. ತೊಳೆದು ಬೋರಲು ಹಾಕಿತ್ತು. ಕಿಲಿಯನ್ ಅವರ ಮುಂದೆ ಮಂಡಿಯೂರಿದ.

"ಅತ್ತೆ, ಹೊಟ್ಟೆ ನೋಯ್ತಿದೆಯಾ? ವಾಂತಿ ಬರ್ತಿದೆಯಾ? ತಪ್ಪೆಲ್ಲ ನಂದೇ. ಡಾಕ್ಟರನ್ನ ಕರೀತೀನಿ, ಅಲ್ಲಾಡಬೇಡಿ."

"ನನಗೇನು ಧಾಡಿ?"

"ಗೊಜ್ಜು ತಿಂದುಬಿಟ್ರಲ್ಲ!"

"ಯಾರು ತಿಂದದ್ದು? ಗೊಬ್ಬರದ ಗುಂಡಿಗೆ ಸುರಿದೆ."

ಹೋದ ಜೀವ ಬಂದಂತಾಯಿತು. ಹೆಡ್ವಿಗ್ ಕುರ್ಚಿಯಲ್ಲಿ ಕುಸಿದಳು. ಕಿಲಿಯನ್ ಅತ್ತೆಯ ಎರಡೂ ಕೈ ಹಿಡಿದು ಖುಷಿಗೆ ಗಳಗಳನೆ ಅತ್ತುಬಿಟ್ಟ. "ವಾಸನೆಯಲ್ಲೇ ಕಂಡುಹಿಡಿದ್ರಾ ಅತ್ತೆ? ಏನು ಮೂಗು ನಿಮ್ಮದು!"

"ವಾಸನೆ ಯಾರು ನೋಡಿದ್ರು?" ಎಂದರು ಅತ್ತೆ. "ಮೂವತ್ತೆರಡು ವರ್ಷದಿಂದ ನೀನು ಮಾಡಿ ತಂದದ್ದೆಲ್ಲ ಅಲ್ಲಿಗೇ ಹೋಗೋದು."